ನಾಲ್ಕು ಡಯೋಡು, ಒಂದು ಬೇಲಿ

ಅಯ್ಯೋ, ಕೈ ಬಿಡಬೇಡಿ ಭಾವ, ಕೈ ಬಿಡಬೇಡಿ! ಚಕ್ರ ನಿಂತ್ರೆ ರೇಡಿಯೋ ಸತ್ತುಹೋಗುತ್ತೆ! ... ಹಾಂ, ಹಾಗೆ. ತಿರುಗಿಸ್ತಾ ಇರಿ. ಯಾಕೆ ಹಾಗೆ ನೋಡ್ತೀರಿ? ಚಕ್ರ ನೋಡ್ತೀರಿ, ರೇಡಿಯೋ ನೋಡ್ತೀರಿ, ಆಮೇಲೆ ನನ್ನ ಮುಖ ನೋಡ್ತೀರಿ. ನನ್ನ ಮುಖದ ಮೇಲೇನು ರೈಲಿನ ವೇಳಾಪಟ್ಟಿ ಅಂಟಿಸಿದ್ದಾರಾ?

ಗೊತ್ತು ಬಿಡಿ. ನಿನ್ನೇದು ಇನ್ನೂ ನಿಮ್ಮ ತಲೇಲಿ ಕೊರೀತಾ ಇದೆ. ನಿನ್ನೆ ಕೆಮ್ಮು ಬಂತು, ಪೆಡಲು ಬಿಟ್ಟು ಎದೆ ಹಿಡ್ಕೊಂಡು ಕೂತ್ರಿ, ಚಕ್ರ ನಿಂತೇ ಹೋಯ್ತು. ಆದ್ರೂ ರೇಡಿಯೋದಲ್ಲಿ ಆ ಯಮ್ಮ ಹಾಡ್ತಾನೇ ಇದ್ಲು. ಅದೇ ತಾನೆ? ಅಷ್ಟಕ್ಕೇ ಅನುಮಾನವಾ? ಅಲ್ಲ, ಬಾಯಿ ಬಿಟ್ಟು ಕೇಳಿದ್ರೆ ಒಂದು ಮಾತಲ್ಲಿ ಹೇಳಿ ಮುಗಿಸ್ತಿದ್ದೆ. ನೀವು ಕೇಳಲ್ಲ. ಹನ್ನೊಂದು ವರ್ಷದಿಂದ ನನ್ನ ಹತ್ರ ಒಂದಕ್ಷರ ಆಡಿಲ್ಲ. ಈ ಹುಬ್ಬು ಏರಿಸೋದು, ಬೆರಳು ತೋರಿಸೋದು, ಮೂಗಲ್ಲಿ ಹುಂ ಅನ್ನೋದು... ಎಮ್ಮೆ ಕೂಡ ನಿಮಗಿಂತ ಜಾಸ್ತಿ ಮಾತಾಡುತ್ತೆ ಭಾವ!

ನಗಬೇಡ ತವಮಣಿ, ಕಟ್ಕೊಂಡ ಗಂಡನಿಗೇ ನಗ್ತೀಯಾ, ಒಳಗಿಂದ ನನಗೆ ಕೇಳಿಸ್ತಿದೆ. ಚಹಾ ಇಡು ಹೋಗು.

ಸರಿ. ಹೇಳ್ತೀನಿ ಕೇಳಿ. ನಿಮಗೆ ಅನುಮಾನ ಬಂದಿರೋದು ಬ್ಯಾಟರಿ ಮೇಲೆ. ಈ ತಿಲ್ಲೈನಾಥ ಎಲ್ಲೋ ಒಂದು ಬ್ಯಾಟರಿ ಬಚ್ಚಿಟ್ಟು ನನ್ನ ಕೈಲಿ ಪುಕ್ಕಟೆ ಚಾಕರಿ ಮಾಡಿಸ್ತಾನೆ ಅಂತ. ಅಲ್ವಾ? ... ಹುಂ ಅಂದ್ರಿ! ಅಂದ್ರಿ, ನಾನು ಕೇಳಿಸ್ಕೊಂಡೆ. ಎಲ್ಲಿದೆ ಭಾವ ಈ ಯಾಳ್ಪಾಣದಲ್ಲಿ ಬ್ಯಾಟರಿ? ಈ ಯುದ್ಧದಲ್ಲಿ ಕರೆಂಟು ಹೋಗಿ ನಾಲ್ಕು ವರ್ಷ. ಕೊಳಂಬಿನ ಸರ್ಕಾರದವರು ನಮ್ಮ ಕಡೆಗೆ ಸೆಲ್ಲು ಕಳಿಸಬೇಡಿ, ಪೆಟ್ರೋಲು ಕಳಿಸಬೇಡಿ, ಸೋಪೂ ಕಳಿಸಬೇಡಿ ಅಂತ ಹೇಳಿ ಕೂತಿದ್ದಾರೆ. ಸೋಪು! ಸೋಪಲ್ಲಿ ನಾವೇನು ಬಾಂಬು ಮಾಡ್ತೀವಾ? ಬಟ್ಟೆ ಒಗೆಯೋಕೆ ತಾಳೆಹಣ್ಣು ಉಜ್ಜಿ ಉಜ್ಜಿ ನನ್ನ ಬಿಳೀ ವೇಷ್ಟಿ ಮಾವಿನಹಣ್ಣಿನ ಬಣ್ಣಕ್ಕೆ ಬಂದಿದೆ. ಜಾಮ್ ಬಾಟಲಿಯೊಳಗೆ ಹತ್ತಿಬತ್ತಿ ಇಟ್ಟು ದೀಪ ಅಂತೀವಿ. ಅಂಥದ್ರಲ್ಲಿ ನನ್ನ ಹತ್ರ ಬ್ಯಾಟರಿ ಅಂತೆ.

ಯಾವುದನ್ನ ತೋರಿಸ್ತೀರಿ, ಮೂಲೇಲಿ ನಿಂತಿರೋ ನನ್ನ ಬೈಕಿಂದಾ? ಆ ಬೈಕಿನ ಬ್ಯಾಟರಿನಾ? ಅದು ಸತ್ತು ಯಾವ ಕಾಲ ಆಯ್ತು! ಒಡೆದು, ಸೀಸ ಕರಗಿಸಿ, ಬಲೆಗೆ ಗುಂಡು ಮಾಡ್ಕೊಳ್ಳಿ ಅಂತ ನಾವಾಂದುರೈ ಮೀನಿನವನಿಗೆ ಕೊಟ್ಟೆ. ಬೇಕಾದ್ರೆ ಅವನನ್ನೇ ಕೇಳಿ. ಕೇಳೋದಾದ್ರೆ ಬಾಯಿ ಬಿಡಬೇಕಾಗುತ್ತೆ, ಅದು ಬೇರೆ ಮಾತು.

ಏಯ್ ಏಯ್, ಆ ಪೆಟ್ಟಿಗೆ ಮುಟ್ಟಬೇಡಿ! ರೇಡಿಯೋ ಕೆಳಗಿರೋ ಆ ಗೋಣಿ ಸುತ್ತಿದ ಪೆಟ್ಟಿಗೆ, ಅದನ್ನ ಮುಟ್ಟಬೇಡಿ. ಅದರೊಳಗೆ ನನ್ನ ಡಯೋಡುಗಳಿವೆ. ತಂತಿ ಎಲ್ಲ ಬಿಡಿಬಿಡಿ ಇದೆ, ಕೈ ತಾಗಿದ್ರೆ ಅಂಟು ಬಿಡುತ್ತೆ. ಬೆಸುಗೆ ಹಾಕೋಕೆ ಸೀಸ ಎಲ್ಲಿ ತರ್ಲಿ?

ಡಯೋಡು ಅಂದ್ರೇನು ಅಂತ ತಾನೆ ಹುಬ್ಬು ಏರಿಸಿದ್ದು? ಇಷ್ಟು ದಿನ ತಿರುಗಿಸಿದ್ದೀರಿ, ಒಂದು ದಿನ ಕೇಳಲಿಲ್ಲ ನೋಡಿ. ಹೇಳ್ತೀನಿ. ನೀವು ಪೆಡಲು ತಿರುಗಿಸ್ತೀರಿ, ಈ ತಲೆಕೆಳಗು ನಿಂತಿರೋ ಸೈಕಲ್ಲಿನ ಹಿಂದಿನ ಚಕ್ರ ತಿರುಗುತ್ತೆ, ಟೈರಿಗೆ ಒತ್ತಿಕೊಂಡಿರೋ ಡೈನಮೋ ತಿರುಗುತ್ತೆ, ಕರೆಂಟು ಬರುತ್ತೆ. ಆದ್ರೆ ಎಂಥ ಕರೆಂಟು? ಕಳ್ಳಿನಂಗಡಿಯಿಂದ ಹೊರಟವನ ಥರ! ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಮತ್ತೆ ಮುಂದೆ, ಮತ್ತೆ ಹಿಂದೆ. ಒಂದು ಕಡೆ ಹೋಗೋ ಜನ್ಮ ಅಲ್ಲ. ಸೈಕಲ್ಲಿನ ದೀಪಕ್ಕೆ ಅದು ಸಾಕು, ದೀಪಕ್ಕೇನು ಮರ್ಯಾದೆ, ಹ್ಯಾಗೆ ಬಂದ್ರೂ ಉರಿಯುತ್ತೆ. ರೇಡಿಯೋ ಹಾಗಲ್ಲ. ಅದು ಒಳ್ಳೇ ಮನೆ ಮಗಳು, ಒಂದೇ ಬಾಗಿಲಲ್ಲಿ ಬಾ, ಒಂದೇ ಬಾಗಿಲಲ್ಲಿ ಹೋಗು ಅನ್ನುತ್ತೆ. ನೇರ ಡೈನಮೋದಿಂದ ಕೊಟ್ರೋ, ಗೊರ್ರ್ ಅಂತ ಒಂದು ಸಲ ಉಗಿದು ಸುಟ್ಟೇ ಹೋಗುತ್ತೆ.

ಅಲ್ಲಿ ಬರೋದು ಡಯೋಡು. ಮೆಣಸಿನಕಾಳಿಗಿಂತ ಸ್ವಲ್ಪ ಉದ್ದ, ಮೈಯೆಲ್ಲ ಕಪ್ಪು, ಒಂದು ತುದೀಲಿ ಬೆಳ್ಳಿ ಬಣ್ಣದ ಪಟ್ಟಿ. ಅದೇನು ಮಾಡುತ್ತೆ ಗೊತ್ತಾ? ನಿಮ್ಮ ಕೆಲಸ ಭಾವ! ಸಾಕ್ಷಾತ್ ಸ್ಟೇಷನ್ ಮಾಸ್ತರ್ ಕುಲಶೇಖರಂ! ಒಂದೇ ಹಳಿ. ಕೊಳಂಬಿಗೆ ಹೋಗೋ ಗಾಡಿ ಬಂತೋ, ಹಸಿರು ಬಾವುಟ, ಹೋಗಪ್ಪ. ಅದೇ ಹಳಿ ಮೇಲೆ ಆ ಕಡೆಯಿಂದ ಗಾಡಿ ಬಂತೋ, ಕೆಂಪು ಬಾವುಟ, ನಿಲ್ಲು ಅಲ್ಲೇ. ಎಷ್ಟು ಕೂಗಿದ್ರೂ ಬಿಡಲ್ಲ. ಪಟ್ಟಿ ಇರೋ ಕಡೆಗೆ ಹೋಗಬಹುದು, ಪಟ್ಟಿ ಇರೋ ಕಡೆಯಿಂದ ವಾಪಸ್ ಬರೋ ಹಾಗಿಲ್ಲ. ಅಷ್ಟೇ ಅದರ ಜೀವನ.

ಪುಕ್ಕಟೆ ಬಿಡುತ್ತೆ ಅಂದ್ಕೊಂಡ್ರಾ? ಇಲ್ಲ. ಮುಕ್ಕಾಲು ವೋಲ್ಟಿನಷ್ಟು ಅದರ ಕೈಗೆ ಹಾಕಿದ್ರೇನೇ ಹಸಿರು ಬಾವುಟ. ಅದಕ್ಕಿಂತ ಕಮ್ಮಿ ಬಂದ್ರೆ ಮುಖಾನೂ ನೋಡಲ್ಲ. ಲಂಚ... ಅಯ್ಯೋ, ಸಿಟ್ಯಾಕೆ? ನಿಮಗೆ ಹೇಳಿಲ್ಲ ನಾನು! ನೀವು ಲಂಚ ಮುಟ್ಟಿದೋರಲ್ಲ, ಊರಿಗೇ ಗೊತ್ತು. ಚಾವಕಚ್ಚೇರಿ ಮಾವಿನಹಣ್ಣಿನ ಬುಟ್ಟಿ ಸ್ಟೇಷನ್ನಿಗೆ ಬರ್ತಿತ್ತು, ನಮ್ಮಕ್ಕ ನಮಗೆ ಹಂಚ್ತಿದ್ಲು, ಅದು ಲಂಚ ಅಲ್ಲ, ಪ್ರೀತಿ. ತಿರುಗಿಸಿ, ತಿರುಗಿಸಿ.

ಈಗ ನೋಡಿ, ಒಂದೇ ಡಯೋಡು ಇಟ್ರೆ ಕುಡುಕ ಮುಂದೆ ಹೋದಾಗ ಬಾಗಿಲು ತೆರೆಯುತ್ತೆ, ಹಿಂದೆ ಬಂದಾಗ ಮುಚ್ಚುತ್ತೆ. ಅರ್ಧ ಕರೆಂಟು ದಂಡ. ನಿಮ್ಮ ಕೈನೋವು ಅರ್ಧ ದಂಡ. ಅದಕ್ಕೇ ನಾನು ನಾಲ್ಕು ಹಾಕಿದ್ದೀನಿ, ನಾಲ್ಕು ದಿಕ್ಕಿಗೆ ನಾಲ್ಕು ಮಾಸ್ತರು. ಕುಡುಕ ಮುಂದಿನಿಂದ ಬಂದ್ರೂ ಹೆಗಲು ಹಿಡಿದು ಅದೇ ಬಾಗಿಲಿಗೆ ತಳ್ತಾರೆ, ಹಿಂದಿನಿಂದ ಬಂದ್ರೂ ಅದೇ ಬಾಗಿಲಿಗೆ ತಳ್ತಾರೆ. ಅವನಿಗೆ ಗೊತ್ತೇ ಆಗಲ್ಲ, ಮರ್ಯಾದಸ್ಥನ ಹಾಗೆ ನೆಟ್ಟಗೆ ಒಂದೇ ಕಡೆ ನಡೀತಾನೆ. ಅದರ ಮುಂದೆ ಒಂದು ಕೆಪಾಸಿಟರ್ರು. ಹಂಡೆ ಇದ್ದ ಹಾಗೆ. ಬಾವಿಯಿಂದ ಕೊಡ ಕೊಡ ತಂದು ಸುರಿದ್ರೂ ಹಂಡೆಯ ಕೊಳಾಯಿಂದ ನೀರು ಒಂದೇ ಸಮ ಬರುತ್ತಲ್ಲ, ಹಾಗೆ. ನಿನ್ನೆ ನೀವು ಕೆಮ್ಮಿದಾಗ ರೇಡಿಯೋ ನಿಲ್ಲಲಿಲ್ಲ ಯಾಕೆ? ಹಂಡೇಲಿ ನೀರಿತ್ತು! ಅಷ್ಟೇ ವಿಷಯ. ಬಗೆಹರೀತಾ?

ಎಷ್ಟು ಹೊತ್ತು ಇರುತ್ತೆ ಅಂತಲಾ? ಅದು... ಹಂಡೆ ಮೇಲೆ. ಒಂದು ಕೆಮ್ಮು ಹಿಡಿಸೋವಷ್ಟು ಇರುತ್ತೆ. ನಿಮ್ಮ ಕೆಮ್ಮು ದೊಡ್ಡದು, ನನ್ನ ಹಂಡೇನೂ ದೊಡ್ಡದು. ಎಲ್ಲಾದಕ್ಕೂ ಲೆಕ್ಕ ಕೇಳಬಾರದು.

ಏನು, ನಿಧಾನ ಮಾಡ್ತಿದ್ದೀರಿ? ಬೇಕಂತಲೇ? ನೋಡಿದ್ರಾ, ನೋಡಿದ್ರಾ! ಚಕ್ರ ನಿಧಾನ ಆಯ್ತು, ದನಿ ಕುಗ್ತು. ಈಗ ಜೋರು ಮಾಡಿ... ಹಾಂ! ದನಿ ಎದ್ದಿತು! ಈಗ ನಂಬಿಕೆ ಬಂತಾ? ... ನನ್ನ ಕೈ? ನನ್ನ ಕೈಗೇನಾಗಿದೆ? ಸುಮ್ನೆ ರೇಡಿಯೋದ ದನಿ ತಿರುಪಿನ ಮೇಲಿತ್ತು. ನನ್ನ ರೇಡಿಯೋ, ನನ್ನ ಕೈ, ಎಲ್ಲಿ ಬೇಕಾದ್ರೂ ಇಡ್ತೀನಿ! ಇಗೋ ತೆಗೆದೆ. ಮಡಿಲಲ್ಲಿ ಇಟ್ಕೊಂಡೆ. ಸಮಾಧಾನವಾ?

ಥೂ, ಎಂಥಾ ಅನುಮಾನದ ಪ್ರಾಣಿ. ಆ ಬೇಲಿ ವಿಷಯದಲ್ಲೂ ಹೀಗೇ ಅಲ್ವಾ ಆಗಿದ್ದು? ಪ್ರತಿ ವರ್ಷ ಬೇಲಿಗೆ ಹೊಸ ತಾಳೆಗರಿ ಕಟ್ಟೋದು ಯಾಳ್ಪಾಣದಲ್ಲಿ ಎಲ್ಲರೂ ಮಾಡ್ತಾರೆ. ಎಲ್ಲರ ಬೇಲೀನೂ ಆ ಕಡೆ ಈ ಕಡೆ ಒಂದಿಷ್ಟು ನಡೆಯುತ್ತೆ. ನಂದು ಒಂದು ಗೇಣು ನಿಮ್ಮ ಕಡೆ ನಡೀತಂತೆ! ಒಂದು ಗೇಣು! ಅಷ್ಟಕ್ಕೆ ನೀವು ಸ್ಟೇಷನ್ನಿನ ಟೇಪು ತಂದು, ಟೋಪಿ ಹಾಕ್ಕೊಂಡು, ಊರು ಸೇರಿಸಿ ಅಳತೆ ಮಾಡಿದ್ರಿ. ಸ್ವಂತ ಹೆಂಡತಿ ತಮ್ಮನ್ನ ಬೀದೀಲಿ ನಿಲ್ಲಿಸಿ "ನನ್ನ ನೆಲಕ್ಕೆ ಇನ್ನು ಕಾಲಿಡಬೇಡ" ಅಂದ್ರಿ. ನಾನೂ ಅಂದೆ, "ನನ್ನ ಹತ್ರ ಇನ್ನು ಮಾತಾಡಬೇಡಿ" ಅಂತ. ಸಿಟ್ಟಲ್ಲಿ ಅಂದೆ! ಸಿಟ್ಟಲ್ಲಿ ಜನ ಏನೇನೋ ಅಂತಾರೆ, ಸಂಜೆ ಮರೀತಾರೆ. ನೀವು ರೈಲ್ವೇದವರು, ಒಂದು ಸಲ ಆರ್ಡರ್ ಬಂದ್ರೆ ಮುಗೀತು. ನಾನೇನು ಕಮ್ಮಿ? ನಾನೂ ಕಾಲಿಡಲಿಲ್ಲ.

ಆ ಡಯೋಡಿನೊಳಗೂ ಒಂದು ಬೇಲಿ ಇದೆ ಭಾವ. ನಗಬೇಡಿ, ನಿಜ. ಒಂದೇ ಮಣ್ಣು, ಸಿಲಿಕಾನು ಅಂತ. ಅದನ್ನ ಎರಡು ಪಾಲು ಮಾಡಿರ್ತಾರೆ. ಒಂದು ಪಾಲಲ್ಲಿ ಕರೆಂಟಿನ ಕಣಗಳು ಜಾಸ್ತಿ, ಕೂರೋಕೆ ಜಾಗ ಸಾಲದು. ಇನ್ನೊಂದು ಪಾಲಲ್ಲಿ ಖಾಲಿ ಜಾಗ ಜಾಸ್ತಿ, ಕೂರೋರಿಲ್ಲ. ಎರಡರ ಮಧ್ಯೆ ಒಂದು ಪಟ್ಟೆ ಬರಡು. ಅಲ್ಲಿ ಯಾರೂ ಇಲ್ಲ, ನಮ್ಮ ಮಿಲಿಟ್ರಿ ಕ್ಯಾಂಪಿನ ಎದುರಿಗಿರೋ ಹೊಲದ ಹಾಗೆ. ಸರಿಯಾದ ಕಡೆಯಿಂದ ಸ್ವಲ್ಪ ಒತ್ತಿದ್ರೆ ಆ ಬರಡು ಸಣ್ಣಗಾಗುತ್ತಾ ಆಗುತ್ತಾ ಮಾಯ ಆಗುತ್ತೆ, ದಾರಿ ಬಿಡುತ್ತೆ. ತಪ್ಪು ಕಡೆಯಿಂದ ಒತ್ತಿದ್ರೆ? ಒತ್ತಿದಷ್ಟೂ ಅಗಲ ಆಗುತ್ತೆ! ಒತ್ತಿದಷ್ಟೂ ಅಗಲ! ನಾವಿಬ್ಬರೂ ಹನ್ನೊಂದು ವರ್ಷ ಏನು ಮಾಡಿದ್ವಿ ಅಂದ್ಕೊಂಡ್ರಿ? ತಪ್ಪು ಕಡೆಯಿಂದ ಒತ್ತಿದ್ವಿ.

ಮತ್ತೂ ಒತ್ತಿದ್ರೆ? ಅದಕ್ಕೂ ಒಂದು ಮಿತಿ ಇದೆ. ಮಿತಿ ಮೀರಿದ್ರೆ ಒಳಗೇ ಸಿಡಿಯುತ್ತೆ. ಆಮೇಲೆ ಅದು ಡಯೋಡೇ ಅಲ್ಲ, ಬರೀ ತಂತಿ ತುಂಡು. ಯಾರು ಯಾವ ಕಡೆ ಬೇಕಾದ್ರೂ ಓಡಾಡಬಹುದು.

ನಿಮ್ಮ ಬಾಯೂ ಅಂಥದ್ದೇ ಒಂದು ಡಯೋಡು. ತವಮಣಿಯ ಚಹಾ ಒಳಗೆ ಹೋಗುತ್ತೆ, ತಾಳೆಬೆಲ್ಲ ಹೋಗುತ್ತೆ, ಮೊನ್ನೆ ತಾಳೆಗೆಡ್ಡೆ ಹಿಟ್ಟಿನ ಗಂಜಿ, ಒಡಿಯಲ್ ಕೂಳು, ಎರಡು ಬಟ್ಟಲು ಹೋಯ್ತು. ಹೊರಗೆ ಮಾತ್ರ ಒಂದು ಶಬ್ದ ಬರಲ್ಲ. ಬೇಲಿಯ ಆ ಕಂಡೀನೂ ಅಷ್ಟೇ. ನೀವೇ ಕತ್ತಿ ತಂದು ಕೊರೆದ್ರಿ, ವಾರ್ತೆ ಕೇಳೋಕೆ ಬರೋಕೆ ಅಂತ. ನೀವು ಅದರಲ್ಲಿ ನುಸುಳಿ ಈ ಕಡೆ ಬರಬಹುದು. ನಾನು ಆ ಕಡೆ ಹೋಗೋ ಹಾಗಿಲ್ಲ. ಕರೆಂಟು ಒಂದೇ ಕಡೆ.

ಬಂದ ಮೊದಲ ದಿನ ಏನು ಗತ್ತು ನಿಮ್ಮದು! ಜಗಲಿ ಮೇಲೆ ಒಂದು ಪಪ್ಪಾಯಿ ಇಟ್ರಿ. ರೇಡಿಯೋ ಕೇಳೋಕೆ ಟಿಕೇಟು! ನಾನು ಪಪ್ಪಾಯಿ ವಾಪಸ್ ಕಂಡೀಲಿ ಉರುಳಿಸಿದೆ. ನೀವು ಎದ್ದು ಹೊರಟೇ ಬಿಟ್ರಿ. ಆಗ ತವಮಣಿ, ಪುಣ್ಯಾತ್ಗಿತ್ತಿ, "ಸುಮ್ನೆ ಕೇಳೋದು ಬೇಡ ಅಂದ್ರೆ ಚಕ್ರ ತಿರುಗಿಸಿ ಭಾವಯ್ಯ" ಅಂದ್ಲು. ಆಗ ಕೂತ್ರಿ. ಕೂಲಿ ಮಾಡಿ ಕೇಳ್ತೀನಿ, ಋಣ ಬೇಡ ಅಂತ. ಇವತ್ತಿಗೂ ಅಷ್ಟೇ. ಚಕ್ರ ತಿರುಗಿಸೋದಿಲ್ಲದಿದ್ರೆ ನೀವು ಈ ಜಗಲಿ ಹತ್ತೋ ಮನುಷ್ಯ ಅಲ್ಲ, ನನಗೆ ಗೊತ್ತು.

ಮಧ್ಯೆ ಒಂದು ದಿನ ಹೆದರಿಸಿದ್ರಲ್ಲ! ತಿರುಗಿಸ್ತಾ ತಿರುಗಿಸ್ತಾ ಮುಖ ಬೂದಿ ಬಣ್ಣಕ್ಕೆ ಬಂತು, ಬೆವರು ಹರೀತಾ ಇದೆ, ಆದ್ರೂ ಪೆಡಲು ಬಿಡ್ತಿಲ್ಲ ಮಹಾರಾಯ. ನಾನು ಅಂದೆ, ನನ್ನ ಮನೇಲಿ ಸಾಯಬೇಡಿ ಭಾವ, ಬೇಲಿ ಜಗಳಕ್ಕೆ ತಿಲ್ಲೈನಾಥ ಭಾವನ್ನೇ ಕೊಂದ ಅಂತ ನಮ್ಮ ಕೊಕ್ಕುವಿಲ್ ಊರ ತುಂಬಾ ಹೇಳ್ತಾರೆ, ಸಾಯೋದಾದ್ರೆ ಕಂಡಿ ದಾಟಿ ಹೋಗಿ ನಿಮ್ಮ ಕಡೆ ಸಾಯಿರಿ ಅಂತ. ಅಂದೆ. ಆವತ್ತು ರಾತ್ರಿ ನನಗೆ ಅನ್ನ ಇಳೀಲಿಲ್ಲ, ಅದು ಬೇರೆ ವಿಷಯ.

ಆಮೇಲಿಂದ ಚಕ್ರ ಹಗುರ ಆಗಿದೆ, ಹೌದು. ಅದನ್ನೇ ತೋರಿಸ್ತಿದ್ದೀರಾ ಒಂದು ಬೆರಳಲ್ಲಿ ತಿರುಗಿಸಿ? ಹಗುರ ಆಗಿದ್ದು... ನಾನು ಬೇರಿಂಗು ಸರಿ ಮಾಡಿದೆ. ಸೈಕಲ್ಲು ಹಗುರ ಆಗೋದು ಬೇರಿಂಗಿಂದ. ಡಯೋಡಿಗೂ ಅದಕ್ಕೂ ಸಂಬಂಧ ಇಲ್ಲ. ಅಂದ್ರೆ ಸಂಬಂಧ ಇರಬಹುದು, ಒಳಗಡೆ ಒತ್ತಡ ಆಗಲೇ ಜಾಸ್ತಿ ಇದ್ರೆ ಡಯೋಡು ಬಾಗಿಲು ತೆಗೆಯೋದೇ ಇಲ್ಲ, ಹೊರಗಿನವನು ಎಷ್ಟು ತಿರುಗಿಸಿದ್ರೂ ಒಂದು ತೊಟ್ಟು ಒಳಗೆ ಹೋಗಲ್ಲ, ಎಳೆಯೋರೇ ಇಲ್ಲ ಅಂದ್ಮೇಲೆ ಚಕ್ರ ಗಾಳಿ ಥರ ತಿರುಗು... ಆ ಥರ ಎಲ್ಲ ಇಲ್ಲಿಲ್ಲ! ಇಲ್ಲಿರೋದು ಬೇರಿಂಗು.

ಈ ಕಿರ್ರ್ ಕಿರ್ರ್ ಒಂದು ಹೋಗ್ತಿಲ್ಲ ನೋಡಿ. ಚೈನಿಗೆ ಹಾಕೋಕೆ ಎಣ್ಣೆ ಎಲ್ಲಿ? ಇದ್ದ ತೊಟ್ಟು ತವಮಣಿಯ ಒಗ್ಗರಣೆಗೆ. ... ಏನು? ಕಿವಿ ಯಾಕೆ ಮುಟ್ಕೊಳ್ತೀರಿ? ಪೂರ್ವ ಯಾಕೆ ತೋರಿಸ್ತೀರಿ? ಬೆಳಗ್ಗೆ? ಬೆಳಗ್ಗೆ ಏನು? ... ಬೆಳಗ್ಗೆ ಈ ಶಬ್ದ ಕೇಳಿಸ್ತಾ? ನಿಮಗೆ ಹೇಗೆ ಕೇಳುತ್ತೆ? ಬೆಳಗ್ಗೆ ನೀವು ಸ್ಟೇಷನ್ನಿಗೆ ಹೋಗಿರ್ತೀರಲ್ಲ. ಹಳೀನೆಲ್ಲ ಕಿತ್ತು ಬಂಕರಿಗೆ ಹಾಕಿದ್ರೂ ಪ್ಲಾಟ್‌ಫಾರ್ಮು ಗುಡಿಸೋಕೆ ಟೋಪಿ ಹಾಕ್ಕೊಂಡು ಹೋಗೋದು ಈ ದ್ವೀಪದಲ್ಲಿ ನೀವೊಬ್ಬರೇ... ಓ, ಮೊನ್ನೆ ಜ್ವರ ಅಂತ ಮನೇಲೇ ಇದ್ರಲ್ಲ.

ಅದು ಬಾವಿ ಏತದ ಶಬ್ದ ಭಾವ. ಏತ ಕೂಡ ಕಿರ್ರ್ ಅನ್ನುತ್ತೆ. ಬೆಳಗ್ಗೆ ಬದನೇಗಿಡಕ್ಕೆ ನೀರು ಎತ್ತುತ್ತೀನಿ. ಅದಕ್ಕೇ ಹೆಗಲು ನೋವು, ಅದಕ್ಕೇ ಅಂಗೈ ಹೀಗಾಗಿರೋದು. ಹಗ್ಗ ಎಳೆದು.

ತವಮಣಿ, ಚಹಾ ತಂದ್ಯಾ? ಇಡು. ಭಾವನಿಗೆ ಬೆಲ್ಲ ದೊಡ್ಡ ತುಂಡು ಕೊಡು. ಯಾಕೆ ನನ್ನ ಮುಖ ನೋಡಿ ತುಟಿ ಕಚ್ತಿದ್ದೀಯ? ಒಳಗೆ ಹೋಗೇ!

ಶ್... ಶ್, ಬಂತು. ಲಂಡನ್ ವಾರ್ತೆ. ನಾನು ಬಾಯಿ ಮುಚ್ಚಿದೆ. ತಿರುಗಿಸಿ. ಮಾತುಕತೆ ಅಂತಿದ್ದಾನೆ... ದಾರಿ ತೆರೆಯೋ ವಿಷಯ... ಪರಿಶೀಲನೆ ಅಂತೆ... ಶ್...

...

ಮುಗೀತು. ಕ್ರಿಕೆಟ್ಟಿಗೆ ಹೋದ. ರೈಲಿನ ಸುದ್ದಿ ಇವತ್ತೂ ಇಲ್ಲ ಭಾವ.

ಅಷ್ಟಕ್ಕೆ ಮುಖ ಇಳಿಸಬೇಡಿ. ಪರಿಶೀಲನೆ ಅಂದ್ರೆ ಎಷ್ಟೋ ವಾಸಿ. ಬರುತ್ತೆ ಬಿಡಿ, ಒಂದಲ್ಲ ಒಂದು ದಿನ ಬರುತ್ತೆ. ನೀವು ಹಸಿರು ಬಾವುಟ ಹಿಡಿದು ನಿಂತಿರ್ತೀರಿ, ನಾನು ಮೊದಲನೇ ಡಬ್ಬೀಲಿ ಕೂತು ಕೊಳಂಬಿಗೆ ಹೋಗಿ ಒಂದು ಮೂಟೆ ಸೆಲ್ಲು, ಒಂದು ಮೂಟೆ ಸೋಪು ತರ್ತೀನಿ. ಟಿಕೇಟು ತಗೊಳಲ್ಲ. ಸ್ಟೇಷನ್ ಮಾಸ್ತರ್ ನನ್ನ ಭಾವ ಅಂತೀನಿ. ನೀವು ಇಲ್ಲ ಅನ್ನೋಕೂ ಬಾಯಿ ಬಿಡಬೇಕಲ್ಲ, ಸಿಕ್ಕಿಬಿದ್ರಿ!

ಹಾಡು ಹಾಕಿದ್ದಾನೆ. ಹಳೇದು. ಅಕ್ಕನಿಗೆ ಇಂಥದ್ದೆಲ್ಲ ಬಾಯಿಪಾಠ. ಬೇಲಿಯ ಆ ಕಡೆ ಪಾತ್ರೆ ತೊಳೀತಾ ಗುನುಗ್ತಿದ್ಲು. ನಮ್ಮಿಬ್ಬರ ಜಗಳ ಆದ್ಮೇಲೂ ಅಷ್ಟೇ, ನಾನು ಬೇಕಂತಲೇ ನನ್ನ ರೇಡಿಯೋ ಅಂಗಡಿಯ ದೊಡ್ಡ ಸ್ಪೀಕರನ್ನ ಬೇಲಿ ಕಡೆ ತಿರುಗಿಸಿ ಇಡ್ತಿದ್ದೆ. "ತಮ್ಮಾ, ಇನ್ನೂ ಸ್ವಲ್ಪ ಜೋರು ಹಾಕೋ" ಅಂತ ಕೂಗೋಳು. ನಿಮಗೆ ಕೇಳಿಸ್ತಿತ್ತು, ಅಲ್ವಾ? ನೀವು ಬೈಯಲಿಲ್ಲ. ಕೇಳಿಸದ ಹಾಗೆ ಪೇಪರು ಓದ್ತಿದ್ರಿ ಅಂತ ಅವಳೇ ಹೇಳಿದ್ಲು. ಎರಡು ಮನೆಗೂ ಅವಳೊಬ್ಬಳು ತಂತಿ ಇದ್ದ ಹಾಗಿದ್ಲು ಭಾವ. ಆ ಮನೇಲಿ ಏನಾಯ್ತು ಅಂತ ಈ ಮನೆಗೆ, ಈ ಮನೇಲಿ ಏನಾಯ್ತು ಅಂತ ಆ ಮನೆಗೆ. ಅವಳಿಗೆ ನಾಗಪೂಷಣಿ ಅಂತ ಹೆಸರಿಟ್ಟು, ಈ ಸಣ್ಣ ಹುಡುಗಿಗೆ ಎಷ್ಟು ದೊಡ್ಡ ಹೆಸರಿಟ್ಟುಬಿಟ್ಟೆ ಅಂತ ನಮ್ಮಪ್ಪ ನಗ್ತಿದ್ದ.

ಅವಳು ಹೋದ ದಿನ... ನಾನು ಬೇಲಿ ಹೊರಗೇ ನಿಂತಿದ್ದೆ. ಸಾವಿನ ಪರೆ ತಮಟೆ ಬಡಿಯೋದು ಕೇಳಿಸ್ತಿತ್ತು, ಶಂಖ ಕೇಳಿಸ್ತಿತ್ತು. ಗರಿಯ ಸಂದಿಂದ ಒಂದು ತುಂಡು ಬಿಳೀ ಬಟ್ಟೆ ಕಂಡಿತು, ಅಷ್ಟೇ. ನನ್ನ ಸ್ವಂತ ಅಕ್ಕ. ನೀವು ಒಳಗಿಂದ ಒಂದು ಮಾತು, "ಬಾ" ಅಂತ ಒಂದು ಮಾತು... ನಾನಾದ್ರೂ ನುಗ್ಗಿ ಬರಬಹುದಿತ್ತು. ಇಬ್ಬರೂ ಹಠಮಾರಿ ಮುಂಡೇವು. ಇರಲಿ, ಚಹಾ ಆರಿ ಹೋಗ್ತಿದೆ. ಕುಡೀರಿ. ನಾನು ಯಾವಾಗಲೂ ಹೀಗೆ, ಹಾಡು ಬಂದ್ರೆ ಏನೇನೋ ಒದರ್ತೀನಿ. ಈ ಹಾಡು ಎಷ್ಟು ಚೆನ್ನಾಗಿ ಕೇಳಿಸ್ತಿದೆ ನೋಡಿ ಇವತ್ತು, ಕಿರ್ರ್ ಕಿರ್ರ್ ಅಂತ ಒಂದು ಶಬ್ದ ಕೂಡ...

...

ಭಾವ.

ಚಕ್ರ ಯಾವಾಗ ನಿಲ್ಲಿಸಿದ್ರಿ?

ಎರಡು ಕೈಯಲ್ಲೂ ಚಹಾ ಲೋಟ ಹಿಡ್ಕೊಂಡು ಕೂತಿದ್ದೀರಿ. ಎಷ್ಟು ಹೊತ್ತಿಂದ? ವಾರ್ತೆ ಓದುವಾಗಲಾ? ಅದಕ್ಕೂ ಮುಂಚೆನಾ? ... ಏನಾದ್ರೂ ಅನ್ನಿ. ಹುಂ ಅನ್ನಿ ಕೊನೆಗೆ. ಅದು ಹಂಡೆ ಭಾವ, ಹಂಡೇಲಿ ನೀರಿದೆ... ಇನ್ನೂ ಹಾಡ್ತಿದೆ. ಚರಣ ಮುಗೀತು. ಎರಡನೇ ಚರಣ. ಥೂ, ನಿಲ್ಲಬಾರದಾ ಇದು! ಇಷ್ಟು ತುಂಬಬಾರದಿತ್ತು ನಾನು ಬೆಳಗ್ಗೆ.

ಹೌದು. ಸರಿ. ಬೈಕಿನ ಬ್ಯಾಟರಿ. ಮೀನಿನವನಿಗೆ ಕೊಟ್ಟಿಲ್ಲ. ಆ ಗೋಣೀಲಿರೋದು ಅದೇ. ಡಯೋಡು ಇರೋದ್ರಿಂದ ಚಕ್ರ ನಿಂತ್ರೂ ಅದರ ಕರೆಂಟು ವಾಪಸ್ ಡೈನಮೋಗೆ ಸೋರಲ್ಲ, ರೇಡಿಯೋಗೇ ಹೋಗುತ್ತೆ. ಹೇಳಿದ್ನಲ್ಲ, ಒಂದೇ ಕಡೆ. ಆವತ್ತು ನಿಮ್ಮ ಮುಖ ಬೂದಿ ಬಣ್ಣಕ್ಕೆ ಬಂದು ಬೆವರಿದ್ರಲ್ಲ, ಅದರ ಮಾರನೇ ದಿನ ಇಟ್ಟೆ. ನೀವು ಪ್ಲಾಟ್‌ಫಾರ್ಮು ಗುಡಿಸೋಕೆ ಹೋದಾಗ ನಾನೇ ತಿರುಗಿಸ್ತೀನಿ. ಸಂಜೆ ನೀವು ತಿರುಗಿಸೋದು ಎಲ್ಲಿಗೂ ಹೋಗಲ್ಲ. ಡಯೋಡು ಬಾಗಿಲೇ ತೆಗೆದಿಲ್ಲ ನಿಮಗೆ ಇಷ್ಟು ದಿನ. ಬರೀ ಕಿರ್ರ್ ಕಿರ್ರ್.

ಕೈ ಬಿಡಿ ಭಾವ. ಅಂಗೈ ಏನು ನೋಡ್ತೀರಿ? ಬೊಬ್ಬೆ, ಎಲ್ಲರಿಗೂ ಬರುತ್ತೆ. ಬಿಡಿ ಅಂದ್ನಲ್ಲ. ಹೇಳಿಬಿಟ್ಟಿದ್ರೆ ನೀವು ಬರ್ತಿದ್ರಾ? ಪುಕ್ಕಟೆ ರೇಡಿಯೋ ಕೇಳೋಕೆ ಬರ್ತಿದ್ರಾ? ಪಪ್ಪಾಯಿ ವಾಪಸ್ ಉರುಳಿಸಿದ್ದಕ್ಕೇ ಎದ್ದು ಹೊರಟೋರು ನೀವು! ನಾಳೆಯಿಂದ ಬರಲ್ಲ, ಗೊತ್ತು ನನಗೆ. ಕಂಡಿಗೆ ಹೊಸ ಗರಿ ಕಟ್ತೀರಿ. ಕಟ್ಟಿ. ನಾನೊಬ್ಬನೇ ಕೂತು ಯಾರಿಗೆ ಡಯೋಡು ವಿವರಿಸ್ಲಿ? ಇವಳಿಗಾ? ಇವಳ ಮುಂದೆ ನಾನು ಬಾಯಿ ಬಿಟ್ರೆ ಬಕೆಟ್ಟು ಕೊಟ್ಟು ಬಾವಿಗೆ ಕಳಿಸ್ತಾಳೆ. ನನಗೆ ನೀವು ಬೇಕು ಭಾವ. ಬಾಯಿ ಬಿಡದೇ ಇದ್ರೂ ಪರವಾಗಿಲ್ಲ, ಬಂದು ಕೂತ್ಕೊಳ್ಳಿ, ಅಷ್ಟೇ ಸಾಕು.

ಎದ್ರಾ. ಸರಿ, ಹೋಗಿ. ಋಣ ಆಯ್ತು ಅಂತ ತಾನೆ? ಹೋ... ಏಯ್, ರೇಡಿಯೋ, ಗೋಣಿ ಪೆಟ್ಟಿಗೆ ಎರಡನ್ನೂ ಯಾಕೆ ಎತ್ತಿಕೊಂಡ್ರಿ? ಎಲ್ಲಿಗೆ? ಅದು ನನ್ನ ರೇಡಿಯೋ! ಕಂಡಿ ಕಡೆ ಯಾಕೆ... ತಂತಿ, ತಂತಿ ಕಿತ್ತುಹೋಗುತ್ತೆ, ನಿಲ್ಲಿ! ತವಮಣಿ, ನೋಡೇ, ಇವರು ಹಾಡೋ ರೇಡಿಯೋ ಎತ್ತಿಕೊಂಡು ಹೊರಟಿದ್ದಾರೆ! ಯಾಕೆ ಕಣ್ಣು ಒರೆಸ್ಕೊಳ್ತಿದ್ದೀಯ, ಹಿಡಿಯೇ ಅವರನ್ನ!

ಭಾವ... ಕಂಡೀಲಿ ಯಾಕೆ ನಿಂತ್ರಿ? ಪೆಟ್ಟಿಗೆ ಕೆಳಗಿಟ್ಟು ಗರಿಯ ಮುಳ್ಳು ಯಾಕೆ ಹಾಗೆ ಸರಿಸಿ ಹಿಡ್ಕೊಂಡಿದ್ದೀರಿ? ಯಾರಿಗೆ?

ನನಗಾ?

ನಾನು... ಆ ಕಡೆನಾ? ಅಕ್ಕನ ಜಗಲಿಗಾ? ... ಬಾಯಲ್ಲಿ ಹೇಳಬಾರದಾ ಮಾರಾಯರೇ ಒಂದು ಸಲ! ... ಸರಿ ಸರಿ, ತಲೆ ಆಡಿಸಬೇಡಿ, ಅರ್ಥ ಆಯ್ತು. ತಡೀರಿ, ಈ ಬ್ಯಾಟರಿ ಕಬ್ಬಿಣದ ಹಾಗಿದೆ, ಎದೆನೋವಿನೋರು ನೀವು ಎತ್ತಬೇಡಿ. ಬ್ಯಾಟರಿ ನಾನು ಹಿಡ್ಕೊಳ್ತೀನಿ, ರೇಡಿಯೋ ನೀವು ಹಿಡೀರಿ. ಹಾಂ, ಹೀಗೆ. ಬಂದೆ... ಬಂದೆ ಇರಿ. ಮುಂದೆ ಓಡಬೇಡಿ ಭಾವ. ತಂತಿ ಗಿಡ್ಡ ಇದೆ, ಜೊತೇಲೇ ನಡೀಬೇಕು.